ಪೋಕರ್ ಟೂರ್ನಿ ಕಲಿಯುವವರು ಮೊದಲು ಚಿಪ್‌ನ ಬೆಲೆ ಅರಿಯಲಿ

ಸಂಪಾದಕರಿಗೆ,

ಮಾನ್ಯರೇ,

ಆನ್‌ಲೈನ್ ಪೋಕರ್ ಬಗ್ಗೆ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಬರಹಗಳು ಓದಲು ಸಿಗುತ್ತವೆ. ಒಂದರಲ್ಲಿ ಅಲ್ಪ ಮೊತ್ತ ಹೂಡಿ ರಾತ್ರೋರಾತ್ರಿ ಸಿರಿವಂತರಾದವರ ಕಥೆ ಇರುತ್ತದೆ, ಇನ್ನೊಂದರಲ್ಲಿ ಇದ್ದಬದ್ದದ್ದನ್ನೆಲ್ಲ ಕಳೆದುಕೊಂಡವರ ಕಥೆ. ಎರಡೂ ನಡೆಯುವಂಥವೇ. ಆದರೆ ಈ ಆಟದ ಟೂರ್ನಿಗಳನ್ನು ಕಲಿಯಲು ಹೊರಟವರು ಎಲ್ಲಿಂದ ಆರಂಭಿಸಬೇಕು, ಆರು ತಿಂಗಳು ಆಡಿದ ಮೇಲೆ ತಮ್ಮ ಆಟ ಸುಧಾರಿಸಿದೆಯೋ ಇಲ್ಲವೋ ಎಂಬುದನ್ನು ಹೇಗೆ ಅಳೆಯಬೇಕು ಎಂಬ ಪ್ರಶ್ನೆಗಳಿಗೆ ಈ ಬರಹಗಳಲ್ಲಿ ಉತ್ತರ ಸಿಗುವುದಿಲ್ಲ. ಸಣ್ಣ ಟೂರ್ನಿಗಳಲ್ಲಿ ಹಲವು ವರ್ಷ ಆಡಿ, ಹೊಸಬರು ಕೆಲವರಿಗೆ ಹೇಳಿಕೊಟ್ಟ ಅನುಭವದಿಂದ ನನಗೆ ಮನವರಿಕೆಯಾಗಿರುವ ಒಂದು ಸಂಗತಿಯನ್ನು ನಿಮ್ಮ ಓದುಗರ ಮುಂದಿಡಲು ಬಯಸುತ್ತೇನೆ. ಟೂರ್ನಿಯಲ್ಲಿ ನಮ್ಮ ಮುಂದಿರುವ ಚಿಪ್‌ಗಳ (ಪಣವಾಗಿ ಒಡ್ಡುವ ಬಿಲ್ಲೆಗಳ) ಬೆಲೆ ಆಟದುದ್ದಕ್ಕೂ ಬದಲಾಗುತ್ತಲೇ ಇರುತ್ತದೆ, ಮತ್ತು ಆ ಬದಲಾವಣೆಯನ್ನು ಲೆಕ್ಕ ಹಾಕಲು ಕಲಿಯದವರು ಎಷ್ಟು ವರ್ಷ ಆಡಿದರೂ ಇದ್ದಲ್ಲಿಯೇ ಇರುತ್ತಾರೆ.

ಗೆದ್ದವರ ಕಥೆಗಳಲ್ಲಿ ಎಲ್ಲರೂ ನೆನೆಯುವುದು ಕ್ರಿಸ್ ಮನಿಮೇಕರ್ ಅವರದು. ಲೆಕ್ಕಪತ್ರದ ಕೆಲಸ ಮಾಡಿಕೊಂಡಿದ್ದ ಈ ಅಮೆರಿಕನ್ನರು 2003ರಲ್ಲಿ 86 ಡಾಲರ್ ಕೊಟ್ಟು ಆನ್‌ಲೈನ್ ಅರ್ಹತಾ ಟೂರ್ನಿಯೊಂದನ್ನು ಆಡಿ, ಆ ದಾರಿಯಿಂದಲೇ 10,000 ಡಾಲರ್ ಪ್ರವೇಶ ಶುಲ್ಕವಿದ್ದ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಿಯನ್ನು ತಲುಪಿ, ಲಾಸ್ ವೇಗಸ್‌ನಲ್ಲಿ 839 ಮಂದಿಯ ನಡುವೆ ಮೊದಲಿಗರಾಗಿ 25 ಲಕ್ಷ ಡಾಲರ್ ಗೆದ್ದರು. ಇದರ ಪರಿಣಾಮ ಎಷ್ಟಿತ್ತೆಂದರೆ, ಮರುವರ್ಷ ಅದೇ ಟೂರ್ನಿಗೆ 2,576 ಮಂದಿ ಬಂದರು, 2006ರಲ್ಲಿ 8,773 ಮಂದಿ ಬಂದರು. ಆ ಸಂಖ್ಯೆಗಳನ್ನು ಹೊಸಬರು ಇನ್ನೊಂದು ಬದಿಯಿಂದಲೂ ಓದಬೇಕೆಂಬುದು ನನ್ನ ಕೋರಿಕೆ. 2003ರಲ್ಲಿ 838 ಮಂದಿ ತಮ್ಮ ಚಿಪ್‌ಗಳನ್ನೆಲ್ಲ ಕಳೆದುಕೊಂಡು ಎದ್ದುಹೋದರು. ದೊಡ್ಡ ಟೂರ್ನಿಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಹದಿನೈದು ಮಂದಿಗೆ ಮಾತ್ರ ಬಹುಮಾನ ಸಿಗುತ್ತದೆ, ಆದ್ದರಿಂದ ನುರಿತ ಆಟಗಾರರೂ ಹೆಚ್ಚಿನ ದಿನ ಬರಿಗೈಯಲ್ಲಿಯೇ ಏಳುತ್ತಾರೆ. ಇದನ್ನು ಒಪ್ಪಿಕೊಳ್ಳಲಾಗದವರಿಗೆ ಟೂರ್ನಿ ಹೊಂದುವ ಆಟವಲ್ಲ.

ಆರಂಭದ ಬಗ್ಗೆ ಹೇಳುವುದಾದರೆ, ಹಣ ಕಟ್ಟಿ ಆಡುವುದಕ್ಕೆ ತಾವಿರುವ ಕಡೆ ಕಾನೂನಿನ ಅನುಮತಿ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಎಲ್ಲಕ್ಕಿಂತ ಮೊದಲ ಕೆಲಸ, ಏಕೆಂದರೆ ಈ ವಿಷಯದಲ್ಲಿ ಒಂದು ನಾಡಿನ ನಿಯಮ ಇನ್ನೊಂದರದನ್ನು ಹೋಲುವುದಿಲ್ಲ. ಅನುಮತಿ ಇರಲಿ, ಇಲ್ಲದಿರಲಿ, ಮೊದಲ ಕೆಲವು ತಿಂಗಳು ಹಣವಿಲ್ಲದ ಚಿಪ್‌ಗಳಲ್ಲಿ ನಡೆಯುವ ಉಚಿತ ಟೂರ್ನಿಗಳನ್ನೇ ಆಡುವುದು ಒಳ್ಳೆಯದು. ಹಣವಿಲ್ಲದಿದ್ದರೆ ಜನ ಮನಬಂದಂತೆ ಆಡುತ್ತಾರೆ, ಅಲ್ಲಿ ಕಲಿಯುವುದಕ್ಕೆ ಏನೂ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬ್ಲೈಂಡ್‌ಗಳು (ಎಲೆ ಹಂಚುವ ಮುನ್ನ ಇಬ್ಬರು ಕಡ್ಡಾಯವಾಗಿ ಹಾಕಬೇಕಾದ ಸಣ್ಣ ಮತ್ತು ದೊಡ್ಡ ಪಣಗಳು) ಏರುವ ವೇಗ, ತನ್ನ ಸರದಿ ಬಂದಾಗ ಉಳಿದಿರುವ ಸೆಕೆಂಡುಗಳಲ್ಲಿ ಯೋಚಿಸುವ ಅಭ್ಯಾಸ, ಬಂದ ಎಲೆಗಳಲ್ಲಿ ಹೆಚ್ಚಿನವನ್ನು ಬೇಸರವಿಲ್ಲದೆ ಬಿಟ್ಟುಕೊಡುವ ತಾಳ್ಮೆ, ಇವೆಲ್ಲವೂ ಅಲ್ಲಿಯೇ ಬರುತ್ತವೆ. ಮುಂದೆ ಹಣ ಕಟ್ಟುವವರು ಮನೆಖರ್ಚಿಗೆ ಸಂಬಂಧವೇ ಇಲ್ಲದ, ಪೂರ್ತಿ ಹೋದರೂ ನಿದ್ದೆ ಕೆಡಿಸದ ಒಂದು ಮೊತ್ತವನ್ನು ಪ್ರತ್ಯೇಕವಾಗಿಟ್ಟು, ಯಾವುದೇ ಒಂದು ಟೂರ್ನಿಗೆ ಅದರ ನೂರನೇ ಒಂದು ಭಾಗಕ್ಕಿಂತ ಹೆಚ್ಚು ತೆರಬಾರದು. ಸಣ್ಣ ಟೂರ್ನಿಗಳ ಪ್ರವೇಶ ಶುಲ್ಕದಲ್ಲಿ ಹತ್ತನೇ ಒಂದು ಭಾಗದಷ್ಟು ನಡೆಸುವವರ ಪಾಲಿಗೆ ಹೋಗುವುದು ಸಾಮಾನ್ಯ. ಆದ್ದರಿಂದ ಉಳಿದವರಿಗೆ ಸರಿಸಮನಾಗಿ ಆಡುವವರು ಸಹ ಕಾಲಕ್ರಮದಲ್ಲಿ ಸೋಲುತ್ತಾರೆ. ಮೊತ್ತ ಮುಗಿದರೆ ಆಟವೂ ಮುಗಿಯಬೇಕು.

ಪೋಕರ್‌ನ ಹೋಲ್ಡೆಮ್ ಎಂಬ ಬಗೆಯಲ್ಲಿ ಪ್ರತಿಯೊಬ್ಬರ ಕೈಗೆ ಎರಡು ಎಲೆ ಬರುತ್ತವೆ, ಎಲ್ಲರಿಗೂ ಸೇರಿದ ಐದು ಎಲೆಗಳು ಮೇಜಿನ ಮೇಲೆ ಬೀಳುತ್ತವೆ. ಕೈಗೆ ಬರುವ ಎರಡು ಎಲೆಗಳ ಜೋಡಣೆಗಳು 1,326. ಇಸ್ಪೀಟು, ಆಠೀನು ಮುಂತಾದ ಜಾತಿಯ ಹೆಸರು ಬದಿಗಿಟ್ಟು, ಎರಡೂ ಒಂದೇ ಜಾತಿಯೋ ಅಲ್ಲವೋ ಎಂಬುದನ್ನು ಮಾತ್ರ ನೋಡಿದರೆ ಅವು 169 ಬಗೆಗೆ ಇಳಿಯುತ್ತವೆ. ಇವುಗಳಲ್ಲಿ ಯಾವುದನ್ನು ಯಾವ ಜಾಗದಲ್ಲಿ ಕುಳಿತು ಆಡಬೇಕು ಎಂಬ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಕೊನೆಗೆ ಸರದಿ ಬರುವವರಿಗೆ ಉಳಿದವರು ಮಾಡಿದ್ದೆಲ್ಲ ಗೊತ್ತಿರುತ್ತದೆ, ಮೊದಲು ಆಡಬೇಕಾದವರು ಕತ್ತಲಲ್ಲಿರುತ್ತಾರೆ ಎಂಬಷ್ಟು ನೆನಪಿದ್ದರೆ ಆ ಪಟ್ಟಿಗಳು ತಾವಾಗಿ ಅರ್ಥವಾಗುತ್ತವೆ.

ಇನ್ನೊಂದು ಸಣ್ಣ ಲೆಕ್ಕ ಎಲ್ಲರಿಗೂ ಬಾಯಿಗೆ ಬರಬೇಕು. ನಿಮ್ಮ ಕೈಯಲ್ಲಿ ಮತ್ತು ಮೇಜಿನ ಮೇಲೆ ಸೇರಿ ಒಂದೇ ಜಾತಿಯ ನಾಲ್ಕು ಎಲೆಗಳಿದ್ದು, ಗೆಲುವು ತರುವ ಐದನೆಯದು ಮೇಜಿನ ಕೊನೆಯ ಎಲೆಯಾಗಿ ಬರಲೆಂದು ಕಾಯುತ್ತಿದ್ದೀರಿ ಎನ್ನೋಣ. ನೀವು ಕಾಣದ ಎಲೆಗಳು 46, ಅವುಗಳಲ್ಲಿ ನಿಮಗೆ ಬೇಕಾದವು 9, ಅಂದರೆ ನೂರಕ್ಕೆ ಇಪ್ಪತ್ತಕ್ಕಿಂತ ತುಸು ಕಡಿಮೆ ಅವಕಾಶ. ಮೇಜಿನ ನಡುವೆ ಪಣವಾಗಿ 200 ಚಿಪ್ ಇರುವಾಗ ಎದುರಾಳಿ 100 ಹಾಕಿದರೆ, 300 ಗೆಲ್ಲಲು ನೀವು 100 ಕೊಡಬೇಕು, ಅದಕ್ಕೆ ನೂರಕ್ಕೆ 25ರಷ್ಟು ಅವಕಾಶ ಬೇಕು. ಆ ಎಲೆ ಬಂದ ಮೇಲೆ ಎದುರಾಳಿಯಿಂದ ಇನ್ನಷ್ಟು ಗೆಲ್ಲುವ ಭರವಸೆ ಇಲ್ಲದಿದ್ದರೆ ಬಿಟ್ಟುಕೊಡುವುದೇ ಸರಿ. ಹೊಸಬರು ಹೆಚ್ಚಿನ ಚಿಪ್‌ಗಳನ್ನು ಕಳೆಯುವುದು ಇಂಥ ಕಡೆಯೇ, ‘ಬಂದರೂ ಬರಬಹುದು’ ಎಂಬ ಆಸೆಯಿಂದ.

ಇಷ್ಟು ಯಾವ ಪೋಕರ್ ಆಟಕ್ಕೂ ಬೇಕಾದ್ದು. ಟೂರ್ನಿಯ ಗುಣವೇ ಬೇರೆ, ಏಕೆಂದರೆ ಅಲ್ಲಿ ಚಿಪ್‌ಗಳನ್ನು ಹಣಕ್ಕೆ ಬದಲಾಯಿಸಿಕೊಂಡು ಏಳುವ ಅವಕಾಶವಿಲ್ಲ, ಬ್ಲೈಂಡ್‌ಗಳು ನಿಗದಿತ ಹೊತ್ತಿಗೆ ಏರುತ್ತಲೇ ಹೋಗುತ್ತವೆ, ಎಲ್ಲವನ್ನೂ ಕಳೆದುಕೊಂಡವರು ಹೊರಗೆ ಹೋಗುತ್ತಾರೆ. ಆದ್ದರಿಂದ ತನ್ನಲ್ಲಿ ಎಷ್ಟು ಚಿಪ್ ಇದೆ ಎಂದು ಎಣಿಸುವುದಕ್ಕಿಂತ ಅದು ಎಷ್ಟು ದೊಡ್ಡ ಬ್ಲೈಂಡ್‌ಗಳಿಗೆ ಸಮ ಎಂದು ಎಣಿಸುವುದನ್ನು ರೂಢಿಸಿಕೊಳ್ಳಬೇಕು. ನೂರು ಬ್ಲೈಂಡ್ ಇರುವ ಆರಂಭದಲ್ಲಿ ಸಣ್ಣ ಜೋಡಿಯನ್ನು ಕಡಿಮೆ ಬೆಲೆಗೆ ಆಡಿ, ಮೇಜಿನ ಮೇಲೆ ಬೀಳುವ ಮೊದಲ ಮೂರು ಎಲೆಗಳಲ್ಲಿ ಅದೇ ಅಂಕಿಯ ಎಲೆ ಇನ್ನೊಂದು ಬರಲೆಂದು ಕಾಯಬಹುದು. ಅದು ಸುಮಾರು ಎಂಟೂವರೆ ಸಲಕ್ಕೆ ಒಮ್ಮೆ ಬರುತ್ತದೆ, ಬಂದಾಗ ಗೆಲ್ಲುವ ಮೊತ್ತ ದೊಡ್ಡದು. ಹತ್ತು ಬ್ಲೈಂಡ್ ಮಾತ್ರ ಉಳಿದಾಗ ಅದೇ ಆಟ ಆತ್ಮಹತ್ಯೆಗೆ ಸಮ. ಆಗ ಎಲ್ಲವನ್ನೂ ಒಮ್ಮೆಗೇ ಹಾಕುವುದು ಅಥವಾ ಬಿಟ್ಟುಬಿಡುವುದು, ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮೊದಲು ಹಾಕಿದವರಿಗೆ ಗೆಲ್ಲಲು ಎರಡು ದಾರಿಗಳಿರುತ್ತವೆ: ಉಳಿದವರು ಬಿಟ್ಟುಕೊಡಬಹುದು, ಇಲ್ಲವೇ ನಮ್ಮ ಎಲೆ ಮೇಲಾಗಬಹುದು. ಬೇರೆಯವರು ಹಾಕಿದ್ದಕ್ಕೆ ಹೂಂ ಎಂದವರಿಗೆ ಎಲೆಯ ದಾರಿಯೊಂದೇ ಉಳಿಯುತ್ತದೆ. ಈ ಒಂದು ಭೇದ ಅರಿವಿಗೆ ಬಂದ ದಿನ ನನ್ನ ಆಟ ಬೇರೆಯಾಯಿತು ಎಂದು ಧೈರ್ಯವಾಗಿ ಹೇಳಬಲ್ಲೆ.

ಅದು ಅರಿವಿಗೆ ಬಂದದ್ದು ಒಂದು ಸೋಲಿನಿಂದ. ಆ ಸಣ್ಣ ಟೂರ್ನಿಯಲ್ಲಿ ನಾಲ್ವರು ಉಳಿದಿದ್ದೆವು. ಬಹುಮಾನ ಮೂವರಿಗೆ, 50, 30, 20ರ ಪ್ರಮಾಣದಲ್ಲಿ. ನಾಲ್ವರ ಚಿಪ್‌ಗಳೂ ಹೆಚ್ಚುಕಡಿಮೆ ಸಮವಾಗಿದ್ದವು. ಮೊದಲ ಸರದಿಯವರು ಎಲ್ಲ ಚಿಪ್‌ಗಳನ್ನೂ ಹಾಕಿದರು. ನನ್ನ ಕೈಯಲ್ಲಿ ಆಠೀನಿನ ಎಕ್ಕ, ಇಸ್ಪೀಟಿನ ರಾಣಿ. ಗಂಟೆಗಟ್ಟಲೆ ಕಸದಂಥ ಎಲೆಗಳನ್ನು ಬಿಟ್ಟುಕೊಟ್ಟಿದ್ದ ನನಗೆ ಅದಕ್ಕಿಂತ ಚೆಂದದ ಕೈ ಕಂಡಿರಲಿಲ್ಲ, ಕ್ಷಣವೂ ಯೋಚಿಸದೆ ಒಪ್ಪಿದೆ. ಎದುರಿಗೆ ಏಳರ ಜೋಡಿ. ಮೇಜಿನ ಮೇಲೆ ಬಿದ್ದ ಐದು ಎಲೆಗಳಲ್ಲಿ ಎಕ್ಕವೂ ಇರಲಿಲ್ಲ, ರಾಣಿಯೂ ಇರಲಿಲ್ಲ. ನಾಲ್ಕನೆಯವನಾಗಿ ಬರಿಗೈಯಲ್ಲಿ ಹೊರಬಂದೆ. ಒಂದು ವಾರ ಅದನ್ನು ದುರದೃಷ್ಟ ಎಂದೇ ಎಲ್ಲರಿಗೂ ಹೇಳಿಕೊಂಡೆ.

ವಾರದ ಮೇಲೆ ಕಾಗದ ಹಿಡಿದು ಕುಳಿತಾಗ ಕಂಡದ್ದು ಬೇರೆ. ನಾಲ್ವರೂ ಸಮನಾಗಿದ್ದಾಗ ಒಟ್ಟು ಬಹುಮಾನದಲ್ಲಿ ನನ್ನ ಪಾಲಿನ ಬೆಲೆ ನೂರಕ್ಕೆ 25. ಆ ಕೈ, ಅಂದರೆ ಆ ಸುತ್ತಿನ ಆಟ, ಗೆದ್ದಿದ್ದರೆ ನನ್ನ ಚಿಪ್‌ಗಳು ಎರಡುಪಟ್ಟಾಗುತ್ತಿದ್ದವು, ಆದರೆ ಬೆಲೆ ಎರಡುಪಟ್ಟಾಗಿ 50 ಆಗುತ್ತಿರಲಿಲ್ಲ. ಅರ್ಧ ಚಿಪ್ ನನ್ನಲ್ಲಿದ್ದು ಉಳಿದಿಬ್ಬರಲ್ಲಿ ಕಾಲು ಕಾಲು ಇದ್ದರೆ, ಚಿಪ್‌ಗಳ ಪಾಲಿಗೆ ತಕ್ಕಷ್ಟೇ ಗೆಲ್ಲುವ ಅವಕಾಶ ಎಂದುಕೊಂಡಾಗ, ಮೊದಲ ಸ್ಥಾನಕ್ಕೆ ಎರಡರಲ್ಲಿ ಒಂದು, ಎರಡನೆಯದಕ್ಕೆ ಮೂರರಲ್ಲಿ ಒಂದು, ಮೂರನೆಯದಕ್ಕೆ ಆರರಲ್ಲಿ ಒಂದು ಅವಕಾಶ. ಬಹುಮಾನಗಳಿಗೆ ಗುಣಿಸಿ ಕೂಡಿಸಿದರೆ ಬರುವುದು 38.33. ಅಂದರೆ 13.33 ಗಳಿಸಲು ನಾನು 25ನ್ನು ಪಣಕ್ಕಿಟ್ಟಿದ್ದೆ. ಬ್ಲೈಂಡ್‌ಗಳನ್ನು ಬದಿಗಿಟ್ಟರೆ ಅದು ಸರಿಯಾದ ನಿರ್ಧಾರವಾಗಲು ನೂರಕ್ಕೆ 65 ಸಲವಾದರೂ ಗೆಲ್ಲಬೇಕಿತ್ತು. ನಡುವೆ ಬಿದ್ದಿದ್ದ ಬ್ಲೈಂಡ್ ಚಿಪ್‌ಗಳನ್ನು ಸೇರಿಸಿದರೆ ಅಂಕಿ ತುಸು ಇಳಿಯುತ್ತದೆ, ಅಷ್ಟೇ. ಬೇರೆ ಬೇರೆ ಜಾತಿಯ ಎಕ್ಕ ರಾಣಿ, ಎದುರಾಳಿ ಕಣ್ಣು ಮುಚ್ಚಿ ಯಾವ ಎರಡು ಎಲೆಗಳನ್ನಾದರೂ ಹಾಕುತ್ತಾರೆ ಎಂದುಕೊಂಡರೂ, ಗೆಲ್ಲುವುದು ನೂರಕ್ಕೆ 64ರಷ್ಟು ಮಾತ್ರ. ಯಾರೂ ಹಾಗೆ ಕಣ್ಣು ಮುಚ್ಚಿ ಹಾಕುವುದಿಲ್ಲ. ಅವರು ಏಳರ ಜೋಡಿಯಿಂದ ಎಲ್ಲವನ್ನೂ ಹಾಕಿದ್ದು ಒಳ್ಳೆಯ ಆಟ, ನಾನು ಎಕ್ಕ ರಾಣಿಯಿಂದ ಒಪ್ಪಿದ್ದು ಕೆಟ್ಟ ಆಟ. ಆ ಕೈಯನ್ನು ನಾನು ಗೆದ್ದಿದ್ದರೂ ಅದು ಕೆಟ್ಟ ಆಟವೇ ಆಗಿರುತ್ತಿತ್ತು, ಮತ್ತು ಗೆದ್ದಿದ್ದರೆ ಬಹುಶಃ ಇಂದಿಗೂ ನನಗೆ ಅದು ತಿಳಿಯುತ್ತಿರಲಿಲ್ಲ.

ಸುಧಾರಣೆ ಎಂದರೆ ಈ ಬಗೆಯ ಕೆಲಸವೇ ಎಂದು ನಾನು ನಂಬಿದ್ದೇನೆ. ಆಡಿದ ಪ್ರತಿಯೊಂದು ಕೈಯ ದಾಖಲೆಯನ್ನು ಉಳಿಸಿಕೊಳ್ಳುವ ಸೌಲಭ್ಯ ಹೆಚ್ಚಿನ ಆನ್‌ಲೈನ್ ಮೇಜುಗಳಲ್ಲಿ ಇರುತ್ತದೆ, ಎದುರು ಬದುರು ಕುಳಿತು ಆಡುವವರಿಗೆ ಈ ಅನುಕೂಲವಿಲ್ಲ. ಮೂರು ಗಂಟೆ ಆಡಿದವರು ಮರುದಿನ ಒಂದು ಗಂಟೆಯನ್ನು ಆ ದಾಖಲೆಗೆ ಕೊಡಬೇಕು. ಸೋತ ಕೈಗಳ ಜೊತೆಗೆ ಗೆದ್ದ ಕೈಗಳನ್ನೂ ನೋಡಬೇಕು, ಏಕೆಂದರೆ ತಪ್ಪು ಆಡಿ ಗೆದ್ದದ್ದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಎದುರಾಳಿಯ ಎಲೆಗಳನ್ನು ಮರೆಮಾಡಿಕೊಂಡು, ಆ ಕ್ಷಣದಲ್ಲಿ ನನಗೆ ತಿಳಿದಿದ್ದು ಏನು, ಅಷ್ಟರಿಂದ ಈ ನಿರ್ಧಾರ ಸರಿಯೇ ಎಂದು ಕೇಳಿಕೊಳ್ಳಬೇಕು. ಇದಕ್ಕೆ ನೆರವಾಗುವ ಲೆಕ್ಕದ ತಂತ್ರಾಂಶಗಳೂ ಈಗ ಇವೆ. 2019ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಫೇಸ್‌ಬುಕ್‌ನ ಸಂಶೋಧಕರು ರೂಪಿಸಿದ ಪ್ಲುರಿಬಸ್ ಎಂಬ ಗಣಕ ಕಾರ್ಯಕ್ರಮ ಆರು ಮಂದಿಯ ಮೇಜಿನಲ್ಲಿ ವೃತ್ತಿಪರ ಆಟಗಾರರನ್ನು ಮೀರಿಸಿತು. ಅಂಥ ನೆರವನ್ನು ಆಟ ಮುಗಿದ ಮೇಲೆ ಕಲಿಕೆಗೆ ಬಳಸುವುದು ಯೋಗ್ಯ. ಆಡುವಾಗಲೇ ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದು ಮೋಸ, ಮತ್ತು ಹಾಗೆ ಆಡಿದವರಿಗೆ ಸ್ವಂತ ಬುದ್ಧಿ ಬೆಳೆಯುವುದೂ ಇಲ್ಲ.

ಫಲಿತಾಂಶದಿಂದ ಆಟವನ್ನು ಅಳೆಯಬಾರದು ಎಂಬುದಕ್ಕೆ ಇನ್ನೊಂದು ಲೆಕ್ಕವನ್ನು ಹೊಸಬರಿಗೆ ನಾನು ತಪ್ಪದೆ ತೋರಿಸುತ್ತೇನೆ. ನೂರಕ್ಕೆ 80 ಗೆಲ್ಲುವಂಥ ಬಲವಾದ ಸ್ಥಿತಿಯಲ್ಲಿ ಮೂರು ಸಲ ಎಲ್ಲ ಚಿಪ್‌ಗಳನ್ನೂ ಹಾಕಿದರೆ, ಮೂರನ್ನೂ ಗೆದ್ದು ಉಳಿಯುವ ಅವಕಾಶ 51 ಮಾತ್ರ. ಒಂದು ದೊಡ್ಡ ಟೂರ್ನಿ ಗೆಲ್ಲಲು ಇಂಥ ಕೈಗಳು ಮೂರಕ್ಕಿಂತ ಹೆಚ್ಚೇ ಎದುರಾಗುತ್ತವೆ. ಹಾಗಾಗಿ ಹತ್ತು ಟೂರ್ನಿ ಸೋತವರು ಕೆಟ್ಟ ಆಟಗಾರರು ಎನ್ನಲಾಗದು, ಒಂದು ಗೆದ್ದವರು ಒಳ್ಳೆಯವರು ಎನ್ನಲೂ ಆಗದು. ನೂರಾರು ಟೂರ್ನಿಗಳ ಲೆಕ್ಕವಿಟ್ಟವರಿಗೆ ಮಾತ್ರ ಏನಾದರೂ ತಿಳಿಯುತ್ತದೆ.

ಈ ಆಟದಿಂದ ಕೆಟ್ಟವರನ್ನೂ ನಾನು ಹತ್ತಿರದಿಂದ ಬಲ್ಲೆ, ಅದನ್ನು ಬಿಟ್ಟು ಬರೆದರೆ ಈ ಪತ್ರ ಪ್ರಾಮಾಣಿಕವಾಗದು. ಅವರಲ್ಲಿ ಒಬ್ಬರಿಗೆ ಎಲೆಗಳ ಜ್ಞಾನ ನನಗಿಂತ ಹೆಚ್ಚಿತ್ತು. ಸೋತ ರಾತ್ರಿ ಕಳೆದದ್ದನ್ನು ಅಂದೇ ಮರಳಿ ಪಡೆಯಬೇಕೆಂದು ಇನ್ನೂ ದೊಡ್ಡ ಮೊತ್ತದ ಟೂರ್ನಿಗೆ, ಒಂದರ ಜೊತೆ ಇನ್ನೊಂದಕ್ಕೆ, ಹೊರಬಿದ್ದ ಕೂಡಲೇ ಮತ್ತೆ ಶುಲ್ಕ ಕಟ್ಟಿ ಅದಕ್ಕೇ, ಹೀಗೆ ಬೆಳಗಿನ ಜಾವದವರೆಗೆ ಕೂರುತ್ತಿದ್ದರು. ದಣಿದ, ಕೆರಳಿದ ಮನಸ್ಸು 65ಕ್ಕೂ 64ಕ್ಕೂ ನಡುವಿನ ಭೇದವನ್ನು ಕಾಣಲಾರದು. ಆದ್ದರಿಂದ ಏಳುವ ಹೊತ್ತನ್ನು ಕೂರುವ ಮುನ್ನವೇ ನಿಶ್ಚಯಿಸಬೇಕು, ಖರ್ಚಿಗೂ ಸಮಯಕ್ಕೂ ಮಿತಿ ಹಾಕಿಕೊಳ್ಳುವ ಸೌಲಭ್ಯ ಇದ್ದಲ್ಲಿ ಬಳಸಬೇಕು, ಸೋಲನ್ನು ಮನೆಯವರಿಂದ ಮುಚ್ಚಿಡಲು ಆರಂಭಿಸಿದ ದಿನವೇ ಆಟ ನಿಲ್ಲಿಸಿ ಅವರ ನೆರವನ್ನೂ ವೈದ್ಯರ ನೆರವನ್ನೂ ಪಡೆಯಬೇಕು.

ಕೊನೆಯಲ್ಲಿ ಪತ್ರಿಕೆಗಳಿಗೆ ನನ್ನದೊಂದು ವಿನಂತಿ. ಮುಂದೆ ಯಾರಾದರೂ ಆನ್‌ಲೈನ್ ಟೂರ್ನಿಯಲ್ಲಿ ದೊಡ್ಡ ಬಹುಮಾನ ಗೆದ್ದ ಸುದ್ದಿ ಪ್ರಕಟಿಸುವಾಗ, ಆ ಟೂರ್ನಿಗೆ ಎಷ್ಟು ಮಂದಿ ಪ್ರವೇಶಿಸಿದ್ದರು, ಅವರಲ್ಲಿ ಎಷ್ಟು ಮಂದಿಗೆ ಬಹುಮಾನ ಸಿಕ್ಕಿತು, ಗೆದ್ದವರು ಅದೇ ಟೂರ್ನಿಗೆ ಎಷ್ಟು ಸಲ ಶುಲ್ಕ ಕಟ್ಟಿದ್ದರು ಎಂಬ ಮೂರು ಅಂಕಿಗಳನ್ನೂ ಅದೇ ಸುದ್ದಿಯಲ್ಲಿ ಕೊಡಿ. ಮೂರೂ ಸೇರಿ ಎರಡು ಸಾಲಿಗಿಂತ ಹೆಚ್ಚು ಜಾಗ ಹಿಡಿಯುವುದಿಲ್ಲ.

ಇತಿ,
ನಿಮ್ಮ ಓದುಗ