ನಮ್ಮ ಹಳೆಯ ಜಗಳ ಮತ್ತು ಒಂದು ಕ್ಯಾಸೆಟ್

ಪ್ರಿಯ ಗೆಳೆಯ,

ಕಳೆದ ವಾರ ಫೋನಿನಲ್ಲಿ ನೀನು ಮತ್ತೆ ಅದೇ ಮಾತು ಎತ್ತಿದೆ. ಕವಿತೆ ಇರುವುದು ಓದುವುದಕ್ಕೆ, ಹಾಡುವುದಕ್ಕಲ್ಲ. ಭಾವಗೀತೆಯ ಕ್ಯಾಸೆಟ್ಟುಗಳು ಬಂದು ನಮ್ಮ ಕವಿಗಳನ್ನು ರಾಗದಲ್ಲಿ ಮುಳುಗಿಸಿಬಿಟ್ಟವು ಎಂದೆ. ಹಾಸ್ಟೆಲಿನ ಜಗಲಿಯಲ್ಲಿ ಶುರುವಾದ ಜಗಳ ಇದು. ಅಂದೂ ನನಗೆ ತಕ್ಕ ಉತ್ತರ ಹೊಳೆದಿರಲಿಲ್ಲ, ಮೊನ್ನೆಯೂ ಹೊಳೆಯಲಿಲ್ಲ. ಫೋನಿಟ್ಟ ಮೇಲೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಬಾಯಿಮಾತಿನಲ್ಲಿ ನಿನ್ನನ್ನು ಗೆದ್ದವರಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಅಮ್ಮ ನಿನಗೆ ಗೊತ್ತು. ಓದಿದ್ದು ನಾಲ್ಕನೆಯ ತರಗತಿಯವರೆಗೆ. ಅವಳ ಕೈಯಲ್ಲಿ ಕವನ ಸಂಕಲನವನ್ನು ನಾನು ಕಂಡವನೇ ಅಲ್ಲ. ಆದರೆ ಮೊರದಲ್ಲಿ ಅಕ್ಕಿ ಕೇರುವಾಗ ಅವಳ ಬಾಯಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ಪದ್ಯ ಇರುತ್ತಿತ್ತು. ‘ಮೈಸೂರು ಮಲ್ಲಿಗೆ’ ಪುಸ್ತಕವಾಗಿ ಬಂದದ್ದು 1942ರಲ್ಲಿ; ನಮ್ಮ ಅಡುಗೆಮನೆಗೆ ಬಂದದ್ದು ಎಂಬತ್ತರ ದಶಕದಲ್ಲಿ, ಅಪ್ಪ ಕಂತಿನಲ್ಲಿ ಕೊಂಡು ತಂದ, ರೇಡಿಯೊ ಮತ್ತು ಕ್ಯಾಸೆಟ್ ಎರಡೂ ಹಾಡುವ ಟೂ ಇನ್ ಒನ್‌ನೊಳಗಿಂದ. ರಾಯರು ಮಾವನ ಮನೆಗೆ ಬರುವ ಹಾಡು ನೆನಪಿದೆಯಲ್ಲ? ಪದುಮ ಒಳಗಿಲ್ಲ ಎಂದು ತಿಳಿದು ರಾಯರು ಮುನಿಸಿಕೊಳ್ಳುವ ಜಾಗ ಬಂದಾಗ ಅಮ್ಮ ತಲೆ ತಗ್ಗಿಸಿ ನಗುತ್ತಿದ್ದಳು. ಯಾಕೆ ನಗುತ್ತಾಳೆಂದು ನನಗೆ ಆಗ ತಿಳಿಯುತ್ತಿರಲಿಲ್ಲ. ನಮ್ಮ ಮೇಷ್ಟ್ರು ತರಗತಿಯಲ್ಲಿ ಆ ಸಾಲನ್ನು ಹಾರಿಸಿಕೊಂಡು ಮುಂದೆ ಹೋಗಿದ್ದರು. ಪದುಮ ಮುಟ್ಟಾಗಿ ಹೊರಗಿದ್ದಾಳೆಂಬ ಆ ಸೂಚನೆ, ಟಿಪ್ಪಣಿಯಿಲ್ಲದೆ, ಮೇಷ್ಟ್ರಿಲ್ಲದೆ, ಅಮ್ಮನಿಗೆ ನೇರವಾಗಿ ತಲುಪಿತ್ತು. ಇಲ್ಲಿ ಪದ ಸತ್ತಿತೆಂದು ಹೇಗೆ ಹೇಳುತ್ತೀಯ?

ಇದನ್ನೆಲ್ಲ ಆಗಮಾಡಿದವರು ಬೆರಳೆಣಿಕೆಯ ಜನ. ಅವರಿಗಿಂತ ಹಿಂದೆ ಗಾಯಕ ಪಿ. ಕಾಳಿಂಗರಾಯರು ಇದ್ದರು, ರಾಜರತ್ನಂ ಅವರ ಪದ್ಯಗಳ ಕುಡುಕ ರತ್ನನನ್ನು ವೇದಿಕೆಯ ಮೇಲೆ ನಿಲ್ಲಿಸಿ ಅವನಿಗೆ ಘನತೆ ತಂದವರು. ಆಕಾಶವಾಣಿಯೂ ಇತ್ತು. ಆದರೆ ರೇಡಿಯೊದಲ್ಲಿ ಹಾಡು ಅದು ಬಂದಾಗ ಮಾತ್ರ. ಬೇಕೆಂದಾಗ ಮತ್ತೆ ಕೇಳುವ ಹಾಗಿರಲಿಲ್ಲ. 1978ರಲ್ಲಿ ‘ನಿತ್ಯೋತ್ಸವ’ ಬಂತು. ಭಾವಗೀತೆಗಳ ಮೊದಲ ಕನ್ನಡ ಧ್ವನಿಸುರುಳಿ ಅದು. ಕವಿತೆಗಳು ನಿಸಾರ್ ಅಹಮದರವು, ಸಂಗೀತ ಮೈಸೂರು ಅನಂತಸ್ವಾಮಿಯವರದು. ಭೂವಿಜ್ಞಾನ ಕಲಿಸುತ್ತಿದ್ದ ಕವಿ, ಜೋಗದ ಬೆಳಕನ್ನೂ ತುಂಗೆಯ ಬಳುಕನ್ನೂ ನೋಡಿ ಬರೆದದ್ದನ್ನು ಆ ನದಿಗಳನ್ನೇ ಕಾಣದ ಬಯಲುಸೀಮೆಯ ಮಕ್ಕಳು ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಿದರು. ಅವರಲ್ಲಿ ನಾನೂ ಒಬ್ಬ.

ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಅವರ ಸಂಯಮ. ಕವಿತೆಯ ಮಾತು ಎಲ್ಲಿ ಉಸಿರು ಬಿಡುತ್ತದೋ ಅಲ್ಲೇ ಸ್ವರವೂ ನಿಲ್ಲುತ್ತದೆ. ಸಂಗೀತ ಕಲಿಯದವನೂ ಎರಡನೆಯ ಸಲಕ್ಕೆ ಜೊತೆಗೂಡಬಹುದು. ಹೀಗೆ ಸುಲಭವಾಗಿ ಕಾಣುವಂತೆ ಮಾಡುವುದು ಎಷ್ಟು ಕಷ್ಟವೆಂಬುದು, ಒಂದು ಪದ್ಯಕ್ಕೆ ನಾನೇ ರಾಗ ಹಾಕಲು ಕುಳಿತಾಗ ತಿಳಿಯಿತು. ಮೂರು ಸಂಜೆ ಕಳೆದರೂ ಎರಡನೆಯ ಸಾಲು ದಾಟಲಾಗಲಿಲ್ಲ.

ಸಿ. ಅಶ್ವತ್ಥ್ ಅವರದು ಬೇರೆಯೇ ಜೀವ. ಹಗಲು ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆಯ ನೌಕರಿ, ಉಳಿದ ಹೊತ್ತೆಲ್ಲ ರಂಗಭೂಮಿ ಮತ್ತು ಹಾರ್ಮೋನಿಯಂ. ಸಂಬಳದ ಕೆಲಸ ಬಿಡದೆಯೇ ಅವರು ‘ಕಾಕನಕೋಟೆ’ ಚಿತ್ರಕ್ಕೆ ಸಂಗೀತ ಕೊಟ್ಟರು. ಎಲ್. ವೈದ್ಯನಾಥನ್ ಅವರ ಜೊತೆಗೂಡಿ ಅಶ್ವತ್ಥ್–ವೈದಿ ಎಂಬ ಹೆಸರಿನಲ್ಲಿ ‘ಆಲೆಮನೆ’ಯಂಥ ಚಿತ್ರಗಳಿಗೆ ಸಂಗೀತ ಮಾಡಿದರು. (‘ಮಾಲ್ಗುಡಿ ಡೇಸ್’ ಶುರುವಾಗುವಾಗ ಬರುವ ಆ ರಾಗ ಇದೇ ವೈದ್ಯನಾಥನ್ ಅವರದು. ನಾವಿಬ್ಬರೂ ಅದನ್ನು ಸಿಳ್ಳೆ ಹೊಡೆಯುತ್ತಾ ಎಷ್ಟು ದಾರಿ ನಡೆದಿದ್ದೇವೆ!) ನಿನಗೆ ಅಶ್ವತ್ಥರ ದನಿ ಒರಟು, ಅಬ್ಬರ ಹೆಚ್ಚು. ನನಗೆ ಕೇಳಿಸುವುದು ನಾಟಕದ ನಟ: ಕೊನೆಯ ಸಾಲಿನಲ್ಲಿ ಕುಳಿತವನಿಗೂ ಪದ ಮುಟ್ಟಲೇಬೇಕೆಂಬ ಹಟ.

ಆ ಹಟ ಅವರನ್ನು ಕರೆದೊಯ್ದದ್ದು ಶರೀಫರ ಬಳಿಗೆ. ಶಿಶುನಾಳದ ಶರೀಫರು ತೀರಿಕೊಂಡದ್ದು 1889ರಲ್ಲಿ. ಧಾರವಾಡ, ಹಾವೇರಿಯ ಕಡೆ ಭಜನಾ ಮೇಳಗಳ ಬಾಯಲ್ಲಿ ಅವರು ಬದುಕಿಯೇ ಇದ್ದರು. ಆದರೆ ನಮ್ಮ ಹಳೇ ಮೈಸೂರಿನ ಮನೆಗಳಲ್ಲಿ ಕೋಡಗನ ಕೋಳಿ ನುಂಗಿದ ಸುದ್ದಿ ಎಷ್ಟು ಜನಕ್ಕೆ ಗೊತ್ತಿತ್ತು? ಅಶ್ವತ್ಥರ ರಾಗದಲ್ಲಿ, ಶಿವಮೊಗ್ಗ ಸುಬ್ಬಣ್ಣನವರ ಕಂಠದಲ್ಲಿ ‘ಬಿದ್ದೀಯಬ್ಬೇ ಮುದುಕಿ’ ಕೇಳಿದ ಮೇಲೆ ನಮ್ಮ ಬೀದಿಯ ಸೈಕಲ್ ಅಂಗಡಿಯವರೂ ಅದರ ಅರ್ಥವನ್ನು ಚರ್ಚಿಸಿದರು. 1990ರಲ್ಲಿ ಶರೀಫರ ಬಗ್ಗೆ ನಾಗಾಭರಣರ ಚಿತ್ರ ಬಂದಾಗ ಆ ಹಾಡುಗಳು ಇನ್ನೂ ದೂರ ಹೋದವು.

ನಿನ್ನ ವಾದ ನನಗೆ ಕುಸಿದಂತೆ ಕಾಣುವುದು ಇಲ್ಲಿಯೇ. ಶರೀಫರು ಬರೆದದ್ದು ಯಾರೋ ಒಬ್ಬರು ಮೂಲೆಯಲ್ಲಿ ಕುಳಿತು ಮೌನವಾಗಿ ಓದಲೆಂದಲ್ಲ. ದಾಸರು ತಂಬೂರಿ ಹಿಡಿದರು. ಕುಮಾರವ್ಯಾಸ ಊರ ಜಗಲಿಗಳಿಗೆ ಬಂದದ್ದು ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳ ದನಿಯಲ್ಲಿ. ಕನ್ನಡದ ಕವಿತೆ ಕಿವಿಗೆ ಹಳೆಯ ನೆಂಟ, ಕಣ್ಣಿಗೆ ಇತ್ತೀಚೆಗೆ ಪರಿಚಯವಾದದ್ದು. ನೀನು ಹಾಡಲೇ ಬಾರದೆನ್ನುವ ಗೋಪಾಲಕೃಷ್ಣ ಅಡಿಗರ ಪದ್ಯವೂ 1997ರಲ್ಲಿ ‘ಅಮೆರಿಕಾ ಅಮೆರಿಕಾ’ ಚಿತ್ರದಲ್ಲಿ ಮನೋಮೂರ್ತಿಯವರ ಸಂಗೀತದಲ್ಲಿ ಬಂತು. ಮೋಹನ ಮುರಳಿಯ ಕರೆ ಏನೆಂದು ಕೇಳಿಕೊಂಡು ಎಷ್ಟೋ ಹುಡುಗರು ಆಮೇಲೆ ಅಡಿಗರ ಪುಸ್ತಕ ಹುಡುಕಿದರು. ನನ್ನ ತಮ್ಮನೇ ಸಾಕ್ಷಿ.

ಆದರೆ ನಿನ್ನ ಮಾತಿನಲ್ಲಿ ನನ್ನನ್ನು ಚುಚ್ಚುವ ಒಂದು ಸತ್ಯ ಇದೆ, ಅದನ್ನು ಮುಚ್ಚಿಡಲಾರೆ. ಗಮಕಿ ಇಂದು ಒಂದು ರಾಗದಲ್ಲಿ ಓದಿದ ಪದ್ಯವನ್ನು ನಾಳೆ ಇನ್ನೊಂದರಲ್ಲಿ ಓದಬಲ್ಲ. ಕ್ಯಾಸೆಟ್ ಹಾಗಲ್ಲ. ಅದು ನೂರು ಸಲವೂ ಅದೇ ರಾಗ, ಅದೇ ನಿಲುಗಡೆ. ಒಂದು ಬದಿಗೆ ಅರ್ಧ ಗಂಟೆಯ ಜಾಗ. ಅದರಲ್ಲಿ ಹಿಡಿಸಲು ಎಷ್ಟೋ ಕವಿತೆಗಳ ಚರಣಗಳು ಬಿಟ್ಟುಹೋದವು. ಬಿಟ್ಟ ಚರಣಗಳು ನಮ್ಮ ನೆನಪಿನಿಂದಲೂ ಬಿಟ್ಟುಹೋದವು. ಇಂದಿಗೂ ಕೆಲವು ಪದ್ಯಗಳನ್ನು ರಾಗವಿಲ್ಲದೆ ಓದಲು ಯತ್ನಿಸಿದರೆ ಎದೆಯೊಳಗೆ ಕೊಳಲು ತಾನಾಗಿ ಶುರುವಾಗುತ್ತದೆ, ಪದ ಹಿಂದೆ ಸರಿಯುತ್ತದೆ. ಇದು ನಷ್ಟವೇ.

ನಾಡಗೀತೆಯ ವಿಷಯ ನೋಡು. ಕುವೆಂಪು ಅವರ ಪದ್ಯ ನಾಡಗೀತೆಯಾದದ್ದು 2004ರಲ್ಲಿ. ಯಾವ ರಾಗದಲ್ಲಿ ಹಾಡಬೇಕು, ಎಷ್ಟು ಹೊತ್ತು ಹಾಡಬೇಕು ಎಂಬ ಪ್ರಶ್ನೆಗೆ ಸಮಿತಿಗಳು ಕುಳಿತವು. ಅನಂತಸ್ವಾಮಿಯವರದೋ ಅಶ್ವತ್ಥರದೋ ಎಂದು ಅಭಿಮಾನಿಗಳು ವಾದಿಸಿದರು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಎರಡೂವರೆ ನಿಮಿಷವೆಂದು ಆದೇಶ ಹೊರಡಿಸಿತು. ಸಭೆಗಳಿಗೆ ಒಂದು ಧಾಟಿ ಬೇಕು, ಸರಿ. ಆ ಧಾಟಿ ನನಗೂ ಪ್ರಿಯವೇ. ಆದರೂ ಆ ದಿನ ನನಗೆ ಸಂಕಟವಾಯಿತು. ಒಂದೇ ಕವಿತೆಯನ್ನು ಇಬ್ಬರು ಸಂಗೀತಗಾರರು ಎರಡು ಬಗೆಯಲ್ಲಿ ಓದಿಕೊಂಡಿದ್ದರಲ್ಲ, ಅದು ನಮ್ಮ ಭಾಗ್ಯ ಎಂದುಕೊಂಡವನು ನಾನು. ಇಬ್ಬರಲ್ಲಿ ಯಾರೂ ಅದನ್ನು ನೋಡಲು ಇರಲಿಲ್ಲ. ಅನಂತಸ್ವಾಮಿಯವರು 1995ರಲ್ಲೇ ಹೋಗಿದ್ದರು. ಅಶ್ವತ್ಥರು 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ.

ಅದಕ್ಕೂ ನಾಲ್ಕು ವರ್ಷ ಹಿಂದೆ, 2005ರಲ್ಲಿ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥರ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮ ನಡೆಯಿತು. ಲಕ್ಷಕ್ಕೂ ಮೀರಿದ ಜನ. ನಿನ್ನನ್ನು ಕರೆದಿದ್ದೆ, ನೀನು ಬರಲಿಲ್ಲ. ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ತುಂಬ ಹಿಂದೆ ನಿಂತಿದ್ದೆವು, ವೇದಿಕೆಯ ಮೇಲೆ ಅಶ್ವತ್ಥರು ಹೆಬ್ಬೆರಳಿನಷ್ಟು ಕಾಣುತ್ತಿದ್ದರು. ಸುತ್ತಲಿದ್ದವರು ಕವಿತೆಯ ಸಾಲುಗಳನ್ನು ಅವರಿಗಿಂತ ಮೊದಲೇ ಹೇಳುತ್ತಿದ್ದರು. ಅಮ್ಮ ನನ್ನ ತೋಳು ಹಿಡಿದು, “ಇವರಿಗೆಲ್ಲ ಬರುತ್ತದೆಯೇನೋ?” ಎಂದು ಕೇಳಿದಳು. ತನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದ ಗುಟ್ಟು ಊರಿಗೆಲ್ಲ ಗೊತ್ತಿದೆಯೆಂದು ತಿಳಿದವರ ಬೆರಗು ಅವಳ ಮುಖದಲ್ಲಿತ್ತು.

ಅಮ್ಮನಿಗೆ ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಹಳೆಯ ಟೂ ಇನ್ ಒನ್‌ಗೆ ಹೊಸ ಬೆಲ್ಟ್ ಹಾಕಿಸಿದ್ದೇನೆ, ಹಾಡುತ್ತಿದೆ. ನಮ್ಮ ಮನೆಯ ‘ಮೈಸೂರು ಮಲ್ಲಿಗೆ’ ಕ್ಯಾಸೆಟ್ಟಿನ ರೀಲು ಎರಡನೆಯ ಬದಿಯಲ್ಲಿ ಸುಕ್ಕಾಗಿದೆ. ನಿನ್ನ ತಂದೆಯವರ ಟ್ರಂಕಿನಲ್ಲಿ ಅದೇ ಇನ್ನೊಂದು ಇತ್ತಲ್ಲ, ಸಿಕ್ಕರೆ ದಸರೆಗೆ ಬರುವಾಗ ತೆಗೆದುಕೊಂಡು ಬಾ. ಜೊತೆಗೆ ಪುಸ್ತಕವನ್ನೂ ತಾ. ಕ್ಯಾಸೆಟ್ಟಿನಲ್ಲಿ ಬಿಟ್ಟುಹೋದ ಚರಣಗಳನ್ನು ನೀನು ಓದು, ಅಮ್ಮ ಕೇಳಲಿ.

ನಿನ್ನವನೇ ಆದ,
ಹಳೆಯ ರೂಮ್‌ಮೇಟ್