ಆರೈಕೆಯ ಪಟ್ಟಿಯಲ್ಲಿ ಒಡನಾಟಕ್ಕೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಮನೆಯಲ್ಲಿಯೇ ಆರೈಕೆ ಪಡೆಯುತ್ತಿರುವ ವೃದ್ಧರ ಬಗ್ಗೆ ವಿಚಾರಿಸುವಾಗ ಔಷಧಿ ಕೊಟ್ಟಾಯಿತೇ, ಸ್ನಾನ ಆಯಿತೇ, ಊಟ ಸೇರಿತೇ ಎಂದು ಕೇಳುತ್ತೇವೆ. ಅವರು ಈ ದಿನ ಯಾರೊಂದಿಗೆ ಮಾತನಾಡಿದರು ಎಂದು ಕೇಳುವುದು ಅಪರೂಪ. ಆರೈಕೆಯ ಅಗತ್ಯವನ್ನು ಅಳೆಯಲು ಇಂದಿಗೂ ಬಳಕೆಯಲ್ಲಿರುವ, ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ ಸ್ನಾನ, ಉಡುಪು, ಶೌಚ, ಹಾಸಿಗೆ-ಕುರ್ಚಿಗಳಿಂದ ಏಳುವುದು, ಮಲಮೂತ್ರಗಳ ಹತೋಟಿ ಮತ್ತು ಊಟ ಎಂಬ 6 ಅಂಶಗಳಿವೆ. ದೈಹಿಕ ಸ್ವಾವಲಂಬನೆಯನ್ನು ತಿಳಿಯಲು ಅದು ಉಪಯುಕ್ತವೇ. ಆದರೆ ಆರೈಕೆಯೆಂದರೆ ಅಷ್ಟೇ ಎಂದು ಭಾವಿಸಿದರೆ, ಆರೂ ಕೆಲಸಗಳು ಚೊಕ್ಕವಾಗಿ ಮುಗಿದ ದಿನವೂ ಆ ಹಿರಿಯರು ಒಂಟಿಯಾಗಿಯೇ ಉಳಿದಿರುತ್ತಾರೆ.

ಒಂಟಿತನವನ್ನು ವಯಸ್ಸಾದವರ ಸಹಜ ಬೇಸರವೆಂದು ತಳ್ಳಿಹಾಕುವಂತಿಲ್ಲ. ಡಿಮೆನ್ಷಿಯಾ (ನೆನಪು ಮತ್ತು ಯೋಚನಾಶಕ್ತಿ ಕುಂದುವ ಕಾಯಿಲೆ) ಕುರಿತು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗವು 2024ರಲ್ಲಿ ಗುರುತಿಸಿದ, ತಗ್ಗಿಸಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಸಾಮಾಜಿಕ ಪ್ರತ್ಯೇಕತೆಯೂ ಒಂದು. ಶ್ರವಣದೋಷ ಮತ್ತು ದೃಷ್ಟಿದೋಷಗಳೂ ಅದೇ ಪಟ್ಟಿಯಲ್ಲಿವೆ. ಇವು ಒಂದಕ್ಕೊಂದು ಹೆಣೆದುಕೊಂಡಿರುವುದನ್ನು ಆರೈಕೆ ಮಾಡುವವರು ಬಲ್ಲರು. ಕಿವಿ ಸರಿಯಾಗಿ ಕೇಳದವರು ಮತ್ತೆ ಮತ್ತೆ ‘ಏನು’ ಎಂದು ಕೇಳಲು ಸಂಕೋಚಪಟ್ಟು ಮಾತುಕತೆಯಿಂದಲೇ ಹಿಂದೆ ಸರಿಯುತ್ತಾರೆ. ಮೂತ್ರ ತಡೆಯಲಾಗದೆಂಬ ಅಂಜಿಕೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟವರಿದ್ದಾರೆ. ಅವರ ಗೆಳೆಯರೂ ವಯಸ್ಸಾದವರೇ ಆದ್ದರಿಂದ, ಯಾರಾದರೂ ಜೊತೆಗೆ ನಿಂತು ಕರೆದೊಯ್ಯದೆ ಅಥವಾ ಕರೆ ಮಾಡಿಕೊಡದೆ ಹಳೆಯ ಸ್ನೇಹಗಳು ಉಳಿಯುವುದಿಲ್ಲ.

ಮನೆತುಂಬ ಜನರಿದ್ದರೆ ಸಾಕೆಂಬುದೂ ಸರಿಯಲ್ಲ. ಹಿರಿಯರ ಎದುರಿನಲ್ಲಿಯೇ ಅವರ ನಿದ್ರೆ, ಹಸಿವು, ಮಲವಿಸರ್ಜನೆಗಳ ಬಗ್ಗೆ ಅವರನ್ನು ಬಿಟ್ಟು ಮಿಕ್ಕವರು ಮಾತನಾಡಿಕೊಳ್ಳುವುದು ಎಷ್ಟು ನೋವಿನ ಸಂಗತಿ! ಜೀವನವಿಡೀ ಇತರರಿಗೆ ನೆರವಾದವರಿಗೆ ಬರೀ ಪಡೆದುಕೊಳ್ಳುವವರಾಗಿ ಬದುಕುವುದು ಕಷ್ಟ. ಸಲಹೆ ಕೇಳುವುದು, ಮನೆಯ ತೀರ್ಮಾನಗಳಲ್ಲಿ ಸೇರಿಸಿಕೊಳ್ಳುವುದು, ಕೈಲಾಗುವ ಕೆಲಸವನ್ನು ಅವರಿಗೇ ಬಿಡುವುದು ಕೂಡ ಆರೈಕೆಯೇ. ಸಹಾಯಕರು ಪದೇ ಪದೇ ಬದಲಾಗುವ ಮನೆಗಳಲ್ಲಿ ಅಪರಿಚಿತರ ಮುಂದೆ ಪ್ರತಿಸಲವೂ ಮೈಯೊಡ್ಡಬೇಕಾದ ಹಿರಿಯರಿಗೆ ಮನಸ್ಸು ಬಿಚ್ಚುವಷ್ಟು ಪರಿಚಯ ಯಾರೊಂದಿಗೂ ಬೆಳೆಯುವುದಿಲ್ಲ.

ಗೃಹ ಆರೈಕೆ ಒದಗಿಸುವ ಸಂಸ್ಥೆಗಳು ಆರೈಕೆಯ ಯೋಜನೆಯಲ್ಲಿ ಒಡನಾಟವನ್ನು ಪ್ರತ್ಯೇಕ ಅಂಶವಾಗಿ ಬರೆದು, ಅದಕ್ಕೆ ವೇತನಸಹಿತ ಸಮಯವನ್ನು ಮೀಸಲಿಡಬೇಕು. ಕುಳಿತು ಮಾತನಾಡಿದ ಸಹಾಯಕಿಯನ್ನು ಕೆಲಸಗಳ್ಳಿಯೆಂದು ಕಾಣುವ ಮನೋಭಾವ ಹೋಗಬೇಕು. ಆದಷ್ಟೂ ಅದೇ ಸಹಾಯಕರನ್ನು ಕಳುಹಿಸಬೇಕು. ಶ್ರವಣಸಾಧನ ಕೆಲಸ ಮಾಡುತ್ತಿದೆಯೇ ಎಂಬುದನ್ನು ಔಷಧಿಯಷ್ಟೇ ನಿಯಮಿತವಾಗಿ ನೋಡಬೇಕು. ಇವೆಲ್ಲಕ್ಕೂ ಮೊದಲು, ಯಾರನ್ನು ಕಾಣುವಾಸೆ, ಯಾರ ಭೇಟಿ ಬೇಡ, ಎಷ್ಟು ಹೊತ್ತು ಏಕಾಂತ ಬೇಕು ಎಂಬುದನ್ನು ಆ ಹಿರಿಯರನ್ನೇ ಕೇಳಿ ಯೋಜನೆಯಲ್ಲಿ ದಾಖಲಿಸಬೇಕೆಂದು ಸಂಬಂಧಪಟ್ಟವರಲ್ಲಿ ಕಳಕಳಿಯಿಂದ ವಿನಂತಿಸುತ್ತೇನೆ.

ಇಂತಿ,
ಒಬ್ಬ ಓದುಗ