ಹಡಗು ಹತ್ತುವ ಮುಂಚೆ

ಸಿದ್ದಾಪುರ, ಕೊಡಗು

ಪ್ರೀತಿಯ ಮಗನೇ,

ನಿನಗೆ ಹಡಗಿನಲ್ಲಿ ಕೆಲಸ ಸಿಕ್ಕಿತು ಅಂತ ನಿನ್ನ ಅಮ್ಮ ಫೋನ್ ಮಾಡಿದ್ದಳು. ತುಂಬಾ ಖುಷಿಯಾಯಿತು. ಆದರೆ ಕೆಂಪು ಸಮುದ್ರಕ್ಕೆ ಕಳಿಸಿದರೂ ಹೋಗುತ್ತೇನೆ, ನಾವು ಕೊಡಗಿನವರು ಹೆದರುವವರಲ್ಲ ಅಂದೆಯಂತೆ. ಅದನ್ನು ಕೇಳಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕಣದ ಬದಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ನಾನು ಇಪ್ಪತ್ತು ವರ್ಷ ಸೈನ್ಯದಲ್ಲಿದ್ದವನು. ಕೈಯಲ್ಲಿ ಬಂದೂಕಿತ್ತು, ಬೆನ್ನಿಗೆ ದೇಶವಿತ್ತು. ಸರಕು ಹಡಗಿನಲ್ಲಿ ನಿನಗೆ ಯಾರಿದ್ದಾರೆ? 2024ರ ಮಾರ್ಚ್‌ನಲ್ಲಿ ಏಡನ್ ಕೊಲ್ಲಿಯಲ್ಲಿ ಯೆಮನ್‌ನ ಬಂಡುಕೋರರಾದ ಹೂತಿಗಳ ಕ್ಷಿಪಣಿ ಬಡಿದ ‘ಟ್ರೂ ಕಾನ್ಫಿಡೆನ್ಸ್’ ಹಡಗನ್ನೇ ನೋಡು. ಬಾವುಟ ಬಾರ್ಬಡೋಸ್‌ನದು, ನಡೆಸುತ್ತಿದ್ದವರು ಗ್ರೀಸ್‌ನವರು. ಸತ್ತವರು ಫಿಲಿಪೀನ್ಸ್‌ನ ಇಬ್ಬರು, ವಿಯೆಟ್ನಾಮಿನ ಒಬ್ಬ. ಉಳಿದ 21 ಜನರನ್ನು ನಮ್ಮ ನೌಕಾಪಡೆಯ ಐಎನ್‌ಎಸ್ ಕೋಲ್ಕತಾ ಕಾಪಾಡಿತು. ಆ ಮೂವರಿಗೆ ಯಾರ ಮೇಲೂ ದ್ವೇಷವಿರಲಿಲ್ಲ ಮಗ. ದುಡಿಯಲು ಹೋಗಿದ್ದರು, ನಿನ್ನ ಹಾಗೆಯೇ.

ಏಡನ್ ಕೊಲ್ಲಿಯಿಂದ ಕೆಂಪು ಸಮುದ್ರಕ್ಕೆ ಹೋಗುವ ಬಾಬ್ ಎಲ್ ಮಂದೆಬ್ ಜಲಸಂಧಿಯ ಅಗಲ ಸುಮಾರು 30 ಕಿಲೋಮೀಟರ್. ಮಡಿಕೇರಿಯಿಂದ ಕುಶಾಲನಗರಕ್ಕೆ ಹೋದಷ್ಟು ದೂರ, ಅಷ್ಟೇ. ಅದರ ಪಕ್ಕದ ಜಿಬೂಟಿಯಲ್ಲಿ ಅಮೆರಿಕ, ಫ್ರಾನ್ಸ್, ಜಪಾನ್ ಸೇನಾ ನೆಲೆ ಮಾಡಿಕೊಂಡಿವೆ. 2017ರಲ್ಲಿ ಚೀನಾ ಕೂಡ ಅಲ್ಲೇ ಬಂದು ಕೂತಿತು. ಎಲ್ಲರೂ ವ್ಯಾಪಾರದ ದಾರಿ ಕಾಯಲು ಬಂದೆವು ಅನ್ನುತ್ತಾರೆ. ಇಷ್ಟೆಲ್ಲ ಕಾವಲಿದ್ದೂ ಏನಾಯಿತು? ಚೀನಾ, ರಷ್ಯಾದ ಹಡಗು ಮುಟ್ಟುವುದಿಲ್ಲ ಅಂತ ಹೂತಿಗಳು ಹೇಳಿದ ಮೇಲೆ, ಕೆಲವು ಹಡಗುಗಳು ‘ಇಲ್ಲಿರುವವರೆಲ್ಲ ಚೀನಾದವರು’ ಅಂತ ಸಿಗ್ನಲ್ ಕಳಿಸುತ್ತಾ ಆ ದಾರಿ ದಾಟಿದವು. ನಮ್ಮ ಊರಿನ ಹುಡುಗ ಆಗ ಏನಂತ ಹೇಳಿಕೊಳ್ಳಬೇಕು?

ಈಗ ಕಣದಲ್ಲಿ ರೊಬಸ್ಟಾ ಚೆರ್ರಿ ಹರಡಿದೆ. ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ, ಗಲಗಲ ಅನ್ನುತ್ತದೆ. ಇನ್ನೆರಡು ಬಿಸಿಲು ಸಾಕು. ಇಟಲಿ, ಜರ್ಮನಿಗೆ ನಮ್ಮ ಕಾಫಿ ಹೋಗುವ ಹತ್ತಿರದ ದಾರಿಯೂ ಅದೇ, ಕೆಂಪು ಸಮುದ್ರ ದಾಟಿ ಸೂಯೆಜ್ ಕಾಲುವೆ. ಅಲ್ಲಿ ಗಲಾಟೆಯಾದಾಗ ಹಡಗುಗಳು ಆಫ್ರಿಕಾ ಸುತ್ತಿ ಹೋದವು. ಹತ್ತು-ಹದಿನಾಲ್ಕು ದಿನ ಜಾಸ್ತಿ, ಬಾಡಿಗೆಯೂ ಜಾಸ್ತಿ. ಆಗಲಿ ಬಿಡು. ಮೂಟೆ ಗೋದಾಮಿನಲ್ಲಿ ಇನ್ನೂ ಸ್ವಲ್ಪ ದಿನ ಇರುತ್ತದೆ. ಮನುಷ್ಯರ ವಿಷಯ ಹಾಗಲ್ಲ. ‘ಗ್ಯಾಲಕ್ಸಿ ಲೀಡರ್’ ಹಡಗಿನ 25 ಜನರನ್ನು 2023ರ ನವೆಂಬರ್‌ನಲ್ಲಿ ಹಿಡಿದ ಹೂತಿಗಳು ಬಿಟ್ಟಿದ್ದು 2025ರ ಜನವರಿಯಲ್ಲಿ. ಹದಿನಾಲ್ಕು ತಿಂಗಳು! ನಿನ್ನ ಅಮ್ಮ ಅಷ್ಟು ದಿನ ಹೇಗೆ ತಡೆದುಕೊಳ್ಳುತ್ತಾಳೆ?

ಹಡಗಿಗೆ ಹೋಗಬೇಡ ಅನ್ನುತ್ತಿಲ್ಲ. ಸಹಿ ಹಾಕುವ ಮುಂಚೆ ಕೇಳಿ ತಿಳಿದುಕೋ. ಏಜೆಂಟನ ಹತ್ತಿರ ಆರ್‌ಪಿಎಸ್‌ಎಲ್, ಅಂದರೆ ನಾವಿಕರನ್ನು ಕೆಲಸಕ್ಕೆ ಸೇರಿಸಲು ಸರ್ಕಾರ ಕೊಡುವ ಲೈಸೆನ್ಸ್ ಇದೆಯಾ ನೋಡು. ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟದ (ಐಟಿಎಫ್) ಒಪ್ಪಂದ ಇರುವ ಹಡಗಾದರೆ, ಯುದ್ಧದ ವಲಯ ಅಂತ ಗುರುತಿಸಿದ ಕಡೆಗೆ ಬರುವುದಿಲ್ಲ ಅನ್ನುವ ಹಕ್ಕು ನಿನಗಿದೆ. ಕಂಪನಿ ತನ್ನ ಖರ್ಚಿನಲ್ಲೇ ಮನೆಗೆ ಕಳಿಸಬೇಕು. ನಿನ್ನ ಹಡಗಿಗೆ ಆ ಒಪ್ಪಂದ ಇದೆಯಾ? ಅಂಥ ಕಡೆ ಹೋದರೆ ಡಬಲ್ ಸಂಬಳ ಅಂದ ತಕ್ಷಣ ಸುಮ್ನೆ ತಲೆ ಆಡಿಸಬೇಡ. ಜೊತೆಯವರು ಹೇಡಿ ಅಂದರೆ ಅನ್ನಲಿ. ನಿನ್ನನ್ನು ಹಾಗೆ ಕರೆಯುವವರು ಮೊದಲು ನನ್ನ ಹತ್ತಿರ ಬಂದು ಮಾತಾಡಲಿ.

ಒಪ್ಪಂದದ ಕಾಗದ ತೆಗೆದುಕೊಂಡು ಭಾನುವಾರ ಮನೆಗೆ ಬಾ. ಇಬ್ಬರೂ ಕೂತು ಒಂದೊಂದೇ ಸಾಲು ಓದೋಣ. ಅಲ್ಲಿಯವರೆಗೆ ಎಲ್ಲೂ ಸಹಿ ಹಾಕಬೇಡ.

ನಿನ್ನ ದೊಡ್ಡಪ್ಪ